ನಾ ತಗದ ಮೂರು ಗಣಿತ ಪೇಪರು

ಪರೀಕ್ಷಾ ಅಂದ್ರ ಹುಡುಗೂರ ಹೆದರಿಕಿ ಎಲ್ಲಾರಿಗೂ ಕಾಣತೈತಿ, ಪೇಪರ್ ತಗಿಯೂ ಮಾಸ್ತರನ ಫಜೀತಿ ಯಾರೂ ಕೇಳೂದಿಲ್ಲ. ಬನಹಟ್ಟಿ ಸಾಲ್ಯಾಗ ಗಣಿತ ಕಲಸ್ತೇನಿ, ವರ್ಷಕ್ಕೊಮ್ಮೆರ ನನ್ನ ಮಾನಾ ಹೋಗೇ ಹೋಗತೈತಿ. ಹೋದ ವರ್ಷ ಮೂರು ಸಲ ಹೋತು, ಅದೂ ಒಬ್ಬಾಕಿ ಸಲುವಾಗಿ. ನೇಕಾರ ಮನಿ ಹುಡುಗಿ, ಒಂಬತ್ತನೇ ಕ್ಲಾಸು. ಗಣಿತದಾಗ ಫೇಲಾದ್ರ ಮತ್ತ ಅದೇ ಕ್ಲಾಸಿನ್ಯಾಗ ಕೂಡೂ ಪಾಳಿ ಆಕಿದು.

೧. ಬಸ್ಸು

ತರಬೇತ್ಯಾಗ ಹೇಳಿದ್ರು, ಮಕ್ಕಳ ಬದುಕಿನಾಗಿನ ಪ್ರಶ್ನಿ ಕೇಳ್ರಿ ಅಂತ. ಆತಪಾ ಅಂತ ಕೇಳಿದೆ: ಬೀಳಗಿಯಿಂದ ಒಂಬತ್ತಕ್ಕ ಬಿಟ್ಟ ಬಸ್ಸು ತಾಸಿಗೆ ಮೂವತ್ತು ಕಿಲೋಮೀಟರ್ ಓಡಿದ್ರ, ಹದಿನೈದು ಕಿಲೋಮೀಟರ್ ಯಾವಾಗ ಮುಟ್ಟತೈತಿ?

ಆಕಿ ಬರದಿದ್ಲು: "ಮುಂದ ಕಬ್ಬಿನ ಟ್ರ್ಯಾಕ್ಟರ್ ಇದ್ರ ಹೇಳಾಕ ಬರೂದಿಲ್ಲ."

ಸಿಟ್ಟು ಬಂತು, ಸೊನ್ನಿ ಹಾಕಿದೆ. ಅವತ್ತ ಸಂಜಿಗೆ ಬಾಡಗಂಡಿ ಹಾದ್ಯಾಗ ಎರಡು ಟ್ರೇಲರಿನ ಟ್ರ್ಯಾಕ್ಟರ್ ಹಿಂದ ನಮ್ಮ ಬಸ್ಸು ತಾಸೊತ್ತು ತೆವಳಿತು. ಮರುದಿನ ಸುಮ್ಮನ ಆ ಸೊನ್ನಿ ಹೊಡದು ಹಾಕಿ ಮಾರ್ಕ್ ಕೊಟ್ಟೆ.

೨. ಸೀರಿ

ಎರಡು ದಿನಕ್ಕ ಒಂದು ಸೀರಿ ನೇಯ್ದ್ರ ಹತ್ತು ದಿನಕ್ಕ ಎಷ್ಟು? ಆಕಿ ಉತ್ತರ, ನಾಕು.

"ಯಾಕವಾ, ಐದಲ್ಲೇನು?"

"ನಡುವ ಹಾಸಿನ ನೂಲು ಮುಗೀತೈತಲ್ರಿ ಸರ, ಹೊಸಾದು ಮಗ್ಗಕ್ಕ ಏರಸಾಕ ಒಂದಿನ ಬೇಕ್ರಿ. ಅಮಾಸಿಗೆ ಒಂದಿನ ಮಗ್ಗ ಮುಟ್ಟೂದಿಲ್ರಿ."

"ಪ್ರಶ್ನಿಯೊಳಗ ಅಮಾಸಿ ಎಲ್ಲೈತಿ?"

"ನೀವು ಬರಿಯೂದು ಮರತೀರಿ ಸರ."

ಪಾಪ, ಮಾರ್ಕ್ ಕಳೀದs ನನಗ ಮಾಫಿ ಕೊಟ್ಲು. ಉಳದ ಪ್ರಶ್ನಿಗೂ ಹಿಂಗs ಬರದಿದ್ಲು, ಎರಡೂ ಟೆಸ್ಟಿನ್ಯಾಗ ಹುಡುಗಿ ಫೇಲು.

೩. ಬಾಯಿ ಪರೀಕ್ಷಾ

ಇಷ್ಟು ಚುರುಕಿದ್ದಾಕಿನ್ನ ಅದೇ ಕ್ಲಾಸಿನ್ಯಾಗ ಕೂಡಸಾಕ ಮನಸ್ಸು ಬರಲಿಲ್ಲ. ಹೆಡ್‌ಮಾಸ್ತರನ್ನ ಕೇಳಿ, ಕಡೀ ಟೆಸ್ಟ್ ಬಾಯಿಲೆ ತಗೊಳ್ಳಾಕ ಆಕಿ ಮನಿಗೇ ಹೋದೆ. ಹುಡುಗಿ ಮಗ್ಗದ ಬಾಜೂಕ ನೂಲು ಸುತ್ತಗೋಂತ ಹತ್ತಕ್ಕ ಹತ್ತೂ ಹೇಳಿದ್ಲು. ನನಗ ಖುಷಿಯೋ ಖುಷಿ.

ಮಗ್ಗದ ಮ್ಯಾಲೆ ನೇಯ್ಕೋಂತ ಕುಂತಿದ್ದ ಆಕಿ ಅಜ್ಜಿ ಅಂದ್ಲು, "ನಿಮ್ಮದು ಆತೇನ್ರಿ ಮಾಸ್ತರ? ಈಗ ನಂದು. ಹನ್ನೆರಡು ಮೊಳದ ಸೀರಿ. ನಿನ್ನಿ ಮೂರು ಮೊಳ ಆತು, ಇವತ್ತ ಎರಡೂವರಿ. ಉಳದದ್ದು ಎಷ್ಟು ಗೇಣು?"

ಮೊಳಕ್ಕ ಎಷ್ಟು ಗೇಣು, ಯಾರಿಗೆ ಗೊತ್ತು? ಮೀಟರಿನ್ಯಾಗ ಕೇಳಿದ್ರ ಹೇಳಿರ್ತಿದ್ದೆ! ಬರಿಯಾಕ ಹಾಳಿ ಕೇಳಿದೆ, ಅಜ್ಜಿ ಕೊಡಲಿಲ್ಲ. ನನ್ನ ಮೊಣಕೈ ಮ್ಯಾಲೆ ಗೇಣು ಹಾಕಿ ಅಳ್ಯಾಕ ಹತ್ತಿದೆ. ಹುಡುಗಿ ಬಾಗಿ ನನ್ನ ಕಿವ್ಯಾಗ ಅಂದ್ಲು, "ಮೊಳಕ್ಕ ಎರಡು ಗೇಣ್ರಿ, ಹದಿಮೂರ್ರಿ ಸರ."

"ಹದಿಮೂರು!" ಅಂತ ಒದರಿದೆ.

ಅಜ್ಜಿ ಮಗ್ಗ ನಿಲ್ಲಿಸಿದ್ಲು. "ಕಾಪಿ ಹೊಡಿತೀರಿ? ಆಕಿ ಹತ್ತನೇಕ್ಕ ಹೋಗಲಿ ಬಿಡ್ರಿ. ನೀವು ಇನ್ನೊಂದು ವರ್ಷ ಒಂಬತ್ತರಾಗs ಕೂಡ್ರಿ."