ಲಿಫ್ಟಿನೊಳಗಿನ ಅಸ್ತಿತ್ವ

ಇಸ್ತ್ರಿ ಮಾಡಿದ ಶರ್ಟು ಬೆವರಿನಲ್ಲಿ ತೋಯಬಾರದೆಂಬ ಒಂದೇ ಆಸೆಗೆ ಗೋದಾಮಣ್ಣ ಆ ದಿನ ಮೆಟ್ಟಿಲು ಬಿಟ್ಟು ಲಿಫ್ಟು ಹತ್ತಿದ. ಕಾಲೇಜಿನ ನೆಲಮಾಳಿಗೆಯ ಪುಸ್ತಕದ ಗೋದಾಮಿನಲ್ಲೇ ಅವನ ಕೂದಲು ನರೆತಿತ್ತು. ಅಲ್ಲಿ ಬಿಸಿಲಿಲ್ಲ, ಗಾಳಿಯಿಲ್ಲ. ಪ್ರಿನ್ಸಿಪಾಲರು ಊರಿಗೆ ಹೊರಡುವ ಮೊದಲು ಅವರನ್ನು ಕಂಡು, ಕಿಟಕಿಯಿರುವ ಜಾಗಕ್ಕೆ ಹಾಕಿಸಿಕೊಳ್ಳಬೇಕಿತ್ತು.

ಅರ್ಧ ದಾರಿಯಲ್ಲಿ ಲಿಫ್ಟು ಗಕ್ಕನೆ ನಿಂತಿತು. ದೀಪವೂ ಆರಿತು. ಅವನು ದಬದಬನೆ ಬಾಗಿಲು ಬಡಿದ.

"ಒಳಗೆ ಯಾರಾದ್ರೂ ಇದ್ದೀರಾ?" ಹೊರಗಿನಿಂದ ತತ್ತ್ವಶಾಸ್ತ್ರದ ಮೇಷ್ಟ್ರ ದನಿ.

"ನಾನಿದ್ದೀನಿ ಸಾರ್! ದೇವರು ಬಂದ ಹಾಗೆ ಬಂದ್ರಿ!"

"ಇದ್ದೀನಿ ಅಂದ್ರಲ್ಲ, ಯಾವ ಅರ್ಥದಲ್ಲಿ? ಕಲ್ಲೂ ಇದೆ, ಕುರ್ಚಿನೂ ಇದೆ. ಅದು ಬರೀ ಇರವು. ನಾನಿದ್ದೀನಿ ಅಂತ ಅರಿತು ಇರೋದು ಅಸ್ತಿತ್ವ."

"ಚೆನ್ನಾಗಿ ಅರಿತೇ ಇದ್ದೀನಿ ಸಾರ್, ಉಸಿರು ಕಟ್ತಿದೆ!"

"ಪಾಪ, ಅವರಿಗೆ ತಪ್ಪು ಹೇಳ್ಕೊಡ್ಬೇಡಿ," ಎನ್ನುತ್ತ ಸಂಸ್ಕೃತದ ಮೇಡಂ ಬಂದರು. "ಕಲ್ಲಿಗೂ ಅಸ್ತಿತ್ವ ಇದೆ."

"ಹಾಗಾದ್ರೆ ಕಲ್ಲೂ ಇವರೂ ಒಂದೇನಾ?"

"ಇರೋ ವಿಷಯದಲ್ಲಿ ಒಂದೇ!"

"ಮೊದಲು ಇದ್ದಾರೆ ಅಂತ ಸಾಬೀತಾಗ್ಲಿ. ಕೇಳಿಸ್ತಿರೋದು ಬರೀ ದನಿ."

ಗೋದಾಮಣ್ಣ ಕರವಸ್ತ್ರವನ್ನು ಬಾಗಿಲ ಸಂದಿಯಲ್ಲಿ ತೂರಿಸಿದ.

ಮೇಷ್ಟ್ರು ಅದನ್ನು ತಿರುಗಿಸಿ ನೋಡಿದರು. "ಇದರಿಂದ ಕರವಸ್ತ್ರ ಇದೆ ಅಂತಾಯ್ತು, ಅಷ್ಟೆ."

ಮಾತಿಗೆ ಮಾತು ಬೆಳೆದು ಮಹಡಿಗೆ ಮಹಡಿಯೇ ಅಲ್ಲಿ ನೆರೆಯಿತು. ಗಲಾಟೆಗೆ ಪ್ರಿನ್ಸಿಪಾಲರು ಬ್ಯಾಗು ಹಿಡಿದೇ ಹೊರಬಂದರು. "ಮೆಕ್ಯಾನಿಕ್‌ಗೆ ಫೋನ್ ಮಾಡಿದ್ರಾ?"

ಯಾರಿಗೂ ಅದು ಹೊಳೆದಿರಲಿಲ್ಲ. ಕೊನೆಗೆ ಅವರೇ ಮಾಡಿದರು.

ಬಾಗಿಲು ತೆರೆದಾಗ ಗೋದಾಮಣ್ಣ ಒದ್ದೆ ಮುದ್ದೆಯಾಗಿದ್ದ. ಮೆಕ್ಯಾನಿಕ್‌ಗೆ, ಪ್ರಿನ್ಸಿಪಾಲರಿಗೆ, ಮೇಷ್ಟ್ರಿಗೆ, ಮೇಡಂಗೆ ಒಬ್ಬೊಬ್ಬರಿಗೂ ಕೈಮುಗಿದ. ಅದು ಬಾಯುಪಚಾರವಲ್ಲ; ಅವನ ಕಣ್ಣು ನಿಜಕ್ಕೂ ತುಂಬಿ ಬಂದಿತ್ತು. ತಾನು ಇದ್ದೇನೋ ಇಲ್ಲವೋ ಎಂದು ಇಷ್ಟು ಜನ ತಲೆಕೆಡಿಸಿಕೊಂಡದ್ದು ಅವನ ನೌಕರಿಯಲ್ಲಿ ಇದೇ ಮೊದಲು.

ಪ್ರಿನ್ಸಿಪಾಲರ ಮನಸ್ಸೂ ಕರಗಿತು. "ನಿಮಗೇನಾಗ್ಬೇಕು, ಹೇಳಿ."

"ಆ ಗೋದಾಮೊಂದು ತಪ್ಪಿಸಿ ಸಾರ್..." ಕಿಟಕಿಯ ಮಾತು ಹೊರಬರುವ ಮೊದಲೇ ಪ್ರಿನ್ಸಿಪಾಲರು ತಡೆದರು.

"ಅಷ್ಟೇನಾ? ಆಯ್ತು ಬಿಡಿ. ಇನ್ನು ಯಾರೂ ಹೀಗೆ ಒಂಟಿಯಾಗಿ ಸಿಕ್ಕಿಹಾಕ್ಕೊಳ್ಬಾರ್ದು. ನಾಳೆಯಿಂದ ಲಿಫ್ಟಲ್ಲೇ ಒಂದು ಸ್ಟೂಲು ಹಾಕಿಸ್ತೀನಿ. ಬೆಳಗ್ಗೆಯಿಂದ ಸಂಜೆವರೆಗೂ ನೀವು ಅಲ್ಲೇ ಇರಿ."

ಮೇಷ್ಟ್ರೂ ಮೇಡಮ್ಮೂ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಈ ಇರುವಿಕೆಯ ಬಗ್ಗೆ ಇಬ್ಬರಿಗೂ ತಕರಾರಿರಲಿಲ್ಲ.