ಮೆಟ್ಟಿಲ ಸಾಹೇಬರ ಬಾಗಿಲು

ವಯರು ಇನ್ನೊಂದಿಷ್ಟು ಮೇಲೆ ಹೋಗಿದ್ದರೆ ಯಾವ ರಗಳೆಯೂ ಇರುತ್ತಿರಲಿಲ್ಲ. ಬೀದಿಯಿಂದ ಕಚೇರಿಯೊಳಗೆ ಬಂತು, ಕೆಳಮಹಡಿ ದಾಟಿತು, ಮೆಟ್ಟಿಲೂ ಹತ್ತಿತು. ಆದರೆ ಮೆಟ್ಟಿಲು ತಿರುಗುವ ಜಾಗಕ್ಕೆ ಬಂದದ್ದೇ ಅಲ್ಲಿದ್ದ ಮೇಜಿನ ಕಾಲ ಬಳಿ ಸುರುಳಿ ಸುತ್ತಿಕೊಂಡು ಮಲಗಿಬಿಟ್ಟಿತು.

ಆ ಮೇಜು ಮೆಟ್ಟಿಲ ಸಾಹೇಬರದು. ಬೆಳಗ್ಗೆ ಹೊಸ ಶರಟು ಹಾಕಿಕೊಂಡು ಕುಣಿಯುತ್ತಾ ಬಂದ ಅವರು ವಯರನ್ನು ಕಂಡು ನಿಂತಲ್ಲೇ ನಿಂತರು.

"ಏನಪ್ಪಾ ಇದು? ಸಭೆ ಇರೋದು ಮೇಲಿನ ಹಾಲ್‌ನಲ್ಲಿ!"

"ನಂಗೆ ಇಲ್ಲೀವರೆಗೆ ಅಂತ ಹೇಳಿರೋದು ಸಾರ್," ಎಂದ ಲೈನ್‌ಮ್ಯಾನ್, ಚೀಲ ಹೆಗಲಿಗೇರಿಸುತ್ತಾ. "ಇಲ್ಲಿಂದ ಮುಂದೆ ಮೇಲಿನವರದಂತೆ."

ಫೋನು, ಟೀವಿ, ರೇಡಿಯೊಗಳಿಗೆಲ್ಲ ಕಾಯಿದೆ ಮಾಡುವ ಕಚೇರಿ ಅದು. ಕೆಳಮಹಡಿ ದೂರಸಂಪರ್ಕದವರದು. ತಂತಿಯಲ್ಲಿ ಬರುವುದೆಲ್ಲ, ಮಾತೆಲ್ಲ, ಅವರ ಪಾಲು. ಮೇಲ್ಮಹಡಿ ಪ್ರಸಾರದವರದು. ಗಾಳಿಯಲ್ಲಿ ಬರುವುದೆಲ್ಲ, ಚಿತ್ರವೆಲ್ಲ, ಅವರ ಪಾಲು. ಎರಡೂ ಮಹಡಿಯವರು ಅಣ್ಣತಮ್ಮಂದಿರ ಹಾಗೆ ಪಾಲು ಮಾಡಿಕೊಂಡ ಕಾಲದಲ್ಲಿ ಫೋನು ಗೋಡೆಯ ಪಕ್ಕದಲ್ಲಿ ಕೂತಿರುತ್ತಿತ್ತು, ಟೀವಿಗೆ ಛಾವಣಿಯ ಮೇಲೆ ಆಂಟೆನಾ ಇರುತ್ತಿತ್ತು. ಈಗ ಒಂದೇ ವಯರಿನಲ್ಲಿ ಮಾತೂ ಬರುತ್ತದೆ, ಸಿನಿಮಾವೂ ಬರುತ್ತದೆ, ಮನೆಯೊಳಗೆ ಬಂದ ಮೇಲೆ ಎರಡೂ ಗಾಳಿಯಲ್ಲಿ ಓಡಾಡುತ್ತವೆ. ಅದಕ್ಕೇ ಎರಡೂ ಮಹಡಿಗೆ ಸೇರಿ ಒಂದೇ ಕಾಯಿದೆ ಬರೆಯಲು ನಮ್ಮ ಸಾಹೇಬರನ್ನು ನೇಮಿಸಿದ್ದರು. ಎರಡೂ ಮಹಡಿಯವರು "ನಮ್ಮವರಲ್ಲ" ಎಂದುಬಿಟ್ಟಿದ್ದರಿಂದ ಅವರ ಮೇಜು ಮಧ್ಯದಲ್ಲಿ, ಮೆಟ್ಟಿಲ ಮೇಲೆ ಬಿತ್ತು.

ಪಾಪ, ಅಲ್ಲಿ ಕೂತು ಕಾಯಿದೆ ಬರೆಯುವುದೆಂದರೆ ಬಸ್‌ಸ್ಟ್ಯಾಂಡಿನಲ್ಲಿ ಕೂತು ಪರೀಕ್ಷೆ ಬರೆದ ಹಾಗೆ. ಹೋಗುವವರು ಕೊಡೆ ಇಡುತ್ತಿದ್ದರು, ಬರುವವರು ಹೆಲ್ಮೆಟ್ ಇಡುತ್ತಿದ್ದರು. ಟಾಯ್ಲೆಟ್ ಎಲ್ಲಿ ಎಂದು ಊರಿನವರೆಲ್ಲ ಅವರನ್ನೇ ಕೇಳುತ್ತಿದ್ದರು. ಹೆಂಡತಿ ಫೋನಿನಲ್ಲಿ ಬೈದರೆ ಎರಡೂ ಮಹಡಿಗೆ ಕೇಳುತ್ತಿತ್ತು. ಸಾಹೇಬರಿಗೆ ಜೀವನದಲ್ಲಿ ಇದ್ದದ್ದು ಒಂದೇ ಆಸೆ: ಬಾಗಿಲಿರುವ ಒಂದು ಕೋಣೆ.

ಅದಕ್ಕೊಂದು ಹಳೆಯ ಕಾರಣವೂ ಇತ್ತು. ಮದುವೆ ಮಾತುಕತೆಯ ದಿನ ಅವರ ಅಕ್ಕ, "ನಮ್ಮ ತಮ್ಮನಿಗೆ ಆಫೀಸಲ್ಲಿ ಸ್ವಂತ ಕೋಣೆ ಇದೆ," ಎಂದು ಹೇಳಿಬಿಟ್ಟಿದ್ದಳು. ಇವರು ಇಲ್ಲ ಎನ್ನದೆ ಬಿಸ್ಕತ್ತು ಕಚ್ಚಿದ್ದರು. ಅಂದಿನಿಂದ ಇಂದಿನವರೆಗೆ ಅತ್ತೆ ಆ ಕೋಣೆಯ ಹೆಸರು ಎತ್ತದ ದಿನವಿಲ್ಲ.

ಇವತ್ತು ಆ ಸುಳ್ಳು ನಿಜವಾಗುವ ದಿನ. ಬೆಳಗ್ಗೆ ಹೊಸ ಕಾಯಿದೆಯ ಸಾರ್ವಜನಿಕ ಸಭೆ. ಜನ ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ನೋಡಬೇಕು, ಪ್ರಶ್ನೆ ಕೇಳಬೇಕು. ಇಲ್ಲದಿದ್ದರೆ ಸಭೆ ಲೆಕ್ಕಕ್ಕಿಲ್ಲ. ಕಾಯಿದೆ ಒಪ್ಪಿಗೆಯಾದರೆ ಹೊಸ ವಿಭಾಗಕ್ಕೆ ಅವರೇ ಮುಖ್ಯಸ್ಥರು, ಕೋಣೆಯೂ ಖಂಡಿತ ಎಂದು ಕಚೇರಿಯ ಅಧ್ಯಕ್ಷೆ ಮಾತು ಕೊಟ್ಟಿದ್ದರು. ಅತ್ತೆ ಮಗಳ ಮನೆಗೆ ಬಂದು ಬೆಳಗಿನಿಂದಲೇ ಕಂಪ್ಯೂಟರಿನ ಮುಂದೆ ಕೂತಿದ್ದರು. ಹೀಗಿರುವಾಗ ವಯರು ಇಲ್ಲಿ ಮಲಗಿದೆ!

ಸಾಹೇಬರು ಒಂದೇ ಉಸಿರಿಗೆ ಮೇಲೆ ಓಡಿದರು. ಪ್ರಸಾರ ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ಬೆನ್ನ ಹಿಂದೆ ಗಾಳಿ ಮೇಡಂ ಎನ್ನುತ್ತಿದ್ದರು. ಆಕೆ ಮೆಟ್ಟಿಲು ಮುಟ್ಟುವವರಲ್ಲ. ಮೇಲ್ಮಹಡಿಗೆಂದೇ ಹಿಂಬದಿಯಲ್ಲಿ ಒಂದು ಲಿಫ್ಟ್ ಇತ್ತು.

"ಮೇಡಂ, ಆ ವಯರನ್ನ ಸ್ವಲ್ಪ ಮೇಲಕ್ಕೆ ಎಳೆಸ್ತೀನಿ."

"ಛೆ ಛೆ! ನಮ್ಮ ಮಹಡಿಗೆ ವಯರಾ? ನಮ್ಮದೇನಿದ್ರೂ ಗಾಳಿ ಕಣ್ರೀ. ನಾಳೆ ಆಡಿಟ್‌ನವರು ಬಂದು ಇದ್ಯಾಕಿಲ್ಲಿದೆ ಅಂತ ಕೇಳಿದ್ರೆ ನೀವು ಉತ್ತರ ಕೊಡ್ತೀರಾ?"

"ಹಾಗಾದ್ರೆ ಒಂದು ವೈಫೈ ಪೆಟ್ಟಿಗೆ ಇಡ್ತೀನಿ. ಗಾಳಿಯಲ್ಲೇ ಬರುತ್ತೆ."

"ಪೆಟ್ಟಿಗೆ ಹಿಂದೆ ವಯರಿರುತ್ತಲ್ಲ. ಕೆಳಗಿನವರನ್ನ ಕೇಳಿ."

ಸಾಹೇಬರು ಕೆಳಗೆ ಓಡಿದರು. ದೂರಸಂಪರ್ಕದ ಮುಖ್ಯಸ್ಥರು ಎಲ್ಲರ ಬಾಯಲ್ಲಿ ತಂತಿ ಸಾಹೇಬರು. ಚಹಾ ಕುಡಿಯುತ್ತಾ ಎಲ್ಲವನ್ನೂ ಶಾಂತವಾಗಿ ಕೇಳಿದರು.

"ಪೆಟ್ಟಿಗೆ ಇಡೋಕೆ ನಮ್ಮದೇನೂ ಅಭ್ಯಂತರ ಇಲ್ಲ ಸ್ವಾಮಿ. ಆದ್ರೆ ಪೆಟ್ಟಿಗೆಯಿಂದ ಹೊರಡೋದು ಗಾಳಿ. ಅದು ಮೇಲಿನವರದು."

"ಹೋಗ್ಲಿ, ಸಭೇನ ನಿಮ್ಮ ಹಾಲ್‌ನಲ್ಲೇ ಮಾಡಿಬಿಡೋಣ. ಇಲ್ಲಿ ವಯರಿದೆ."

"ಅಯ್ಯಯ್ಯೋ! ಸಭೆ ತೋರಿಸೋದು ಅಂದ್ರೆ ಚಿತ್ರ. ಚಿತ್ರ ಅಂದ್ರೆ ಪ್ರಸಾರ. ನಮ್ಮ ಮಹಡೀಲಿ ಮಾತು ಮಾತ್ರ. ನೀವೇ ಕಾಯಿದೆ ಬಲ್ಲವರು, ನಾನು ಹೇಳ್ಬೇಕಾ?"

ಮತ್ತೆ ಮೇಲೆ, ಮತ್ತೆ ಕೆಳಗೆ. ಹೊಸ ಶರಟು ಬೆನ್ನಿಗೆ ಅಂಟಿಕೊಂಡಿತು. ಅಷ್ಟರಲ್ಲಿ ಟೀವಿ ಚಾನೆಲ್‌ಗಳವರು, ಫೋನ್ ಕಂಪನಿಗಳವರು ಬಂದು ಮೆಟ್ಟಿಲ ಮೇಲೆ ಗುಂಪುಗೂಡಿದರು. ಅವರ ನಡುವೆಯೇ ದಾರಿ ಮಾಡಿಕೊಂಡು ಅಧ್ಯಕ್ಷೆಯೂ ಬಂದುಬಿಟ್ಟರು. ಚಟಪಟ ಮಾತಿನ ಹೆಂಗಸು. ಕಾಯುವುದೆಂದರೆ ಅವರಿಗೆ ಆಗದು.

"ವಯರೆಲ್ಲಿದೆ?"

"ಇಲ್ಲೇ ಇದೆ ಮೇಡಂ, ನನ್ನ ಮೇಜಿನ ಕೆಳಗೆ. ಆದ್ರೆ..."

"ಅಂದ್ಮೇಲೆ ಸಭೇನೂ ಇಲ್ಲೇ. ಎಲ್ಲರೂ ಮೆಟ್ಟಿಲ ಮೇಲೆ ಕೂತ್ಕೊಳ್ಳಿ."

ಸಾಹೇಬರ ಮೇಜಿನ ಮೇಲೆ ಕ್ಯಾಮೆರಾ, ದೊಡ್ಡ ಪರದೆ ಬಂದು ಕೂತವು. ಸಭೆಯೇನೋ ಉಳಿಯಿತು, ಮಾನ? ಇನ್ನೊಂದು ಗಳಿಗೆಯಲ್ಲಿ ಅತ್ತೆಯ ಕಣ್ಣಿಗೆ ಈ ಮೇಜು, ಈ ಮೆಟ್ಟಿಲು, ಈ ಕೊಡೆ, ಹೆಲ್ಮೆಟ್ಟು ಎಲ್ಲ ಬೀಳುತ್ತದೆ. ಸಾಹೇಬರು ತರಾತುರಿಯಲ್ಲಿ ಕೆಳಗಿನಿಂದ ಒಂದು ಕ್ಯಾಲೆಂಡರ್, ಮೇಲಿನಿಂದ ಒಂದು ಹೂಕುಂಡ ತಂದರು. ಬೀರುವೊಂದನ್ನು ಬೆನ್ನ ಹಿಂದಕ್ಕೆ ನೂಕಿ, ಕ್ಯಾಮೆರಾಕ್ಕೆ ಅಷ್ಟೇ ಕಾಣುವಂತೆ ಇಟ್ಟರು. ನೋಡಿದರೆ ಥೇಟ್ ಕೋಣೆಯೇ.

ಸಭೆ ಶುರುವಾಯಿತು. ಚಿತ್ರ ಕನ್ನಡಿಯಂತೆ ಬಂತು. ಸಾಹೇಬರು ಉತ್ಸಾಹದಿಂದ ಎದ್ದು ನಿಂತು, "ಇನ್ನು ಮೇಲೆ ತಂತಿಗೊಂದು, ಗಾಳಿಗೊಂದು ಕಾಯಿದೆ ಇರುವುದಿಲ್ಲ. ಅರ್ಜಿಯೂ ಒಂದೇ, ದೂರು ಕೇಳುವವರೂ ಒಬ್ಬರೇ," ಎನ್ನುತ್ತಿದ್ದಾಗ ಬೀರುವಿನ ಹಿಂದಿನಿಂದ ಒಂದು ತಲೆ ಇಣುಕಿತು.

"ಸಾರ್, ಟಾಯ್ಲೆಟ್ ಎಲ್ಲಿ?"

ರೂಢಿ ನೋಡಿ, ಸಾಹೇಬರು ಭಾಷಣ ನಿಲ್ಲಿಸದೆ ಬೆರಳು ಎಡಕ್ಕೆ ತೋರಿಸಿದರು. ಹಿಂದೆಯೇ ಚಹಾದ ತಟ್ಟೆ ಬಂತು. ಚಹಾದವನು ದಾರಿ ಸಾಲದೆ ಬೀರುವನ್ನು ಪಕ್ಕಕ್ಕೆ ಸರಿಸಿದ. ಲೋಕಕ್ಕೆಲ್ಲ ಮೆಟ್ಟಿಲು ಕಂಡಿತು.

ಚಾನೆಲ್‌ನವರು, ಕಂಪನಿಯವರು ಸಮಯ ನೋಡಿ ಎದ್ದರು. ಹಳೆಯದೇ ಚೆನ್ನಾಗಿದೆ, ಎರಡು ಮಹಡಿ ಇದ್ದರೆ ತಪ್ಪೇನು, ಇಷ್ಟು ಅವಸರ ಯಾಕೆ ಎಂದು ಎಳೆಯತೊಡಗಿದರು. ಗಾಳಿ ಮೇಡಂ ಮೆಟ್ಟಿಲಿಗೆ ಕಾಲಿಡದೆ ಮೇಲಿನಿಂದಲೇ ತಲೆ ಆಡಿಸಿದರು, ತಂತಿ ಸಾಹೇಬರು ಕೆಳಗಿನ ಮೆಟ್ಟಿಲಿಂದ. ಆ ಇಬ್ಬರೂ ಒಂದೇ ವಿಷಯಕ್ಕೆ ತಲೆ ಆಡಿಸಿದ್ದು ಅದೇ ಮೊದಲು. ಕೋಣೆ ಕೈತಪ್ಪಿತು ಎಂದು ಸಾಹೇಬರು ಭಾಷಣದ ಕಾಗದ ಮಡಿಚಿಟ್ಟು ಕೂತರು.

ಆಗ ಪರದೆಯ ಮೇಲೆ ಒಂದು ಮುಖ ಮೂಡಿತು. ದೊಡ್ಡ ಕನ್ನಡಕ, ಗಟ್ಟಿ ದನಿ. ಅತ್ತೆ!

"ನಾನೊಂದು ಮಾತು ಕೇಳ್ಬಹುದಾ? ನಮ್ಮನೇಲಿ ಧಾರಾವಾಹಿ ನೋಡ್ತಾ ಇರ್ತೀನಿ. ಅದ್ರಲ್ಲಿ ಸೊಸೆ ಬಾಗಿಲು ತೆಗೀಬೇಕು, ಅಷ್ಟರಲ್ಲಿ ಚಿತ್ರ ನಿಂತ್ಹೋಗುತ್ತೆ. ಚಾನೆಲ್‌ನವರಿಗೆ ಫೋನ್ ಮಾಡಿದ್ರೆ ಇಂಟರ್ನೆಟ್‌ನವರನ್ನ ಕೇಳಿ ಅಂತಾರೆ. ಅವರನ್ನ ಕೇಳಿದ್ರೆ ಚಾನೆಲ್‌ನವರನ್ನ ಕೇಳಿ ಅಂತಾರೆ. ಆ ಸೊಸೆ ಬಾಗಿಲು ತೆಗೆದ್ಲೋ ಇಲ್ವೋ ಇವತ್ತಿಗೂ ನಂಗೆ ಗೊತ್ತಿಲ್ಲ. ನಾನು ಯಾರನ್ನ ಕೇಳ್ಲಿ, ನೀವೇ ಹೇಳಿ."

ನೋಡುತ್ತಿದ್ದವರೆಲ್ಲ ಮನೆಮನೆಯಿಂದ "ನಮ್ಮಲ್ಲೂ ಹಾಗೇ!" "ನಮ್ಮಲ್ಲೂ!" ಎಂದು ಬರೆದು ಕಳಿಸತೊಡಗಿದರು. ಪರದೆ ತುಂಬಿ ತುಳುಕಿತು. ಅಧ್ಯಕ್ಷೆ ಮೇಜು ಕುಟ್ಟಿದರು.

"ಇದಕ್ಕಿಂತ ಏನು ಬೇಕು? ಕಾಯಿದೆಗೆ ಒಪ್ಪಿಗೆ!"

ಸಾಹೇಬರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಂದೂ ಅತ್ತೆಯ ಮೇಲೆ ಅಷ್ಟು ಪ್ರೀತಿ ಉಕ್ಕಿರಲಿಲ್ಲ. ಆದರೆ ಅತ್ತೆಯ ಮಾತು ಇನ್ನೂ ಮುಗಿದಿರಲಿಲ್ಲ.

"ಅದ್ಸರಿ, ನಮ್ಮ ಅಳಿಯಂದಿರು ಯಾಕೆ ಮೆಟ್ಟಿಲ ಮೇಲಿದಾರೆ? ಅವರ ಕೋಣೆಯಲ್ಲೇ ಮಾಡಬಹುದಿತ್ತಲ್ಲ?"

ಎರಡೂ ಮಹಡಿಯ ಕಣ್ಣುಗಳು ಸಾಹೇಬರ ಮೇಲೆ ನೆಟ್ಟವು. ಸಾಹೇಬರು ಹೂಕುಂಡ ನೋಡಿದರು. ಅಧ್ಯಕ್ಷೆಗೆ ವಿಷಯ ಅರ್ಥವಾಯಿತು. ಒಳ್ಳೆಯ ಮನಸ್ಸಿನವರು.

"ಇದೇ ಅಮ್ಮಾ, ಅವರ ಕೋಣೆ," ಎಂದರು. "ಎರಡೂ ಮಹಡಿ ಸೇರೋ ಜಾಗ ಇದು. ಹೊಸ ವಿಭಾಗಕ್ಕೆ ಇದಕ್ಕಿಂತ ಒಳ್ಳೇ ಜಾಗ ಎಲ್ಲಿದೆ? ಸ್ವಲ್ಪ ಕೆಲಸ ಬಾಕಿ. ಸಂಜೆಯೊಳಗೆ ಬಾಗಿಲು ಬರುತ್ತೆ."

"ಹಾಗಾದ್ರೆ ಸಂಜೆ ನಾನೇ ಬಂದು ನೋಡ್ತೀನಿ," ಎಂದರು ಅತ್ತೆ.

ಅಧ್ಯಕ್ಷೆ ಕಾರು ಹತ್ತಿ ಹೋದದ್ದೇ ತಡ, ಬಾಗಿಲು ಯಾರು ಹಾಕಬೇಕೆಂದು ಜಗಳ ಶುರು. ಹೊಸ ಕಾಯಿದೆ ಜಾರಿಯಾಗುವವರೆಗೆ ಹಳೆಯದೇ ನಡೆಯಬೇಕಲ್ಲ. ತಂತಿ ಸಾಹೇಬರು, "ಕೆಳಗಿನ ಮೆಟ್ಟಿಲು ನಮ್ಮದು, ಬಾಗಿಲೂ ನಮ್ಮದೇ," ಎಂದು ಗೋದಾಮಿನಿಂದ ಒಂದು ಹಳೆಯ ಬಾಗಿಲು ಹೊರಿಸಿ ತಂದರು. ಗಾಳಿ ಮೇಡಂ ಬಿಟ್ಟಾರೆಯೇ? ಮೇಲಿನ ಮೆಟ್ಟಿಲಿಗೆ ತಮ್ಮದೊಂದು ಬಾಗಿಲು ತರಿಸಿದರು. ಬಡಗಿ ಎರಡನ್ನೂ ಕೂರಿಸಿದ.

"ಚಿಲಕ ಯಾವ ಕಡೆ?" ಎಂದು ಕೇಳಿದ.

"ನಮ್ಮ ಕಡೆ," ಎಂದರು ಇಬ್ಬರೂ, ತಂತಮ್ಮ ಮಹಡಿಯಿಂದ.

ಸಾಹೇಬರಿಗೆ ಅದೊಂದೂ ಕಿವಿಗೆ ಬೀಳಲಿಲ್ಲ. ಒಂದು ಬಾಗಿಲು ಕೇಳಿದವರಿಗೆ ಎರಡು ಬಂದಿದ್ದವು! ಮೇಜು ಒರೆಸಿದರು, ಹೂಕುಂಡವನ್ನು ತಿರುಗಿಸಿ ತಿರುಗಿಸಿ ಇಟ್ಟರು, ಬಾಗಿಲನ್ನು ಸುಮ್ಮಸುಮ್ಮನೆ ತೆಗೆದು ಹಾಕಿದರು.

ಕಚೇರಿ ಬಿಡುವ ಹೊತ್ತಿಗೆ ಅತ್ತೆ ಬಂದರು. ಅವರು ಕುರ್ಚಿಯಲ್ಲಿ ಕೂತಿದ್ದೇ ಕೆಳಗಿನ ಬಾಗಿಲು ತೆರೆದು ಒಬ್ಬ ಬಂದ, ನಮಸ್ಕಾರ ಎಂದ, ಮೇಲಿನ ಬಾಗಿಲಿಂದ ಹೋದ. ಇನ್ನೊಬ್ಬ ಮೇಲಿನಿಂದ ಬಂದು ಕೆಳಗಿಳಿದ. ಆಮೇಲೆ ಸಾಲುಸಾಲಾಗಿ ಬಂದರು.

"ಎಷ್ಟು ಜನ ನಿಮ್ಮನ್ನ ನೋಡೋಕೆ ಬರ್ತಾರೆ ಅಳಿಯಂದಿರೇ!" ಎಂದು ಅತ್ತೆ ಅರಳಿದರು. "ಆದ್ರೆ ಬಂದ ಕಡೆಯಿಂದ ಯಾರೂ ವಾಪಸ್ ಹೋಗಲ್ವಲ್ಲ?"

ಸಾಹೇಬರು ಹೂಕುಂಡ ತಿರುಗಿಸುತ್ತಿರುವಾಗ ಜನರ ಸಾಲು ಮುಗಿಯಿತು. ಕೆಳಗೆ ಚಿಲಕ ಬಿದ್ದ ಸದ್ದಾಯಿತು. ಆಮೇಲೆ ಮೇಲೆ. ಹಿಂಬದಿಯಲ್ಲಿ ಲಿಫ್ಟ್ ಗುಯ್ಯೆಂದು ಇಳಿದು ಹೋಯಿತು.

ಸಾಹೇಬರು ಎದ್ದು ಒಂದು ಬಾಗಿಲು ನೂಕಿದರು, ಇನ್ನೊಂದು ನೂಕಿದರು, ಬಡಿದರು, ಕೂಗಿದರು. ಕೊನೆಗೆ ಫೋನ್ ತೆಗೆದರು. ತಂತಿ ಸಾಹೇಬರು ಆಗಲೇ ಬಸ್ಸಿನಲ್ಲಿದ್ದರು.

"ನಮ್ಮ ಮಹಡಿಯವರೆಲ್ಲ ಹೋಗಿದ್ದು ನೋಡೇ ಚಿಲಕ ಹಾಕಿಸಿದ್ದು ಸ್ವಾಮಿ. ನೀವು ನಮ್ಮ ಲೆಕ್ಕಕ್ಕೆ ಬರಲ್ಲ. ಮೇಲಿನವರನ್ನ ಕೇಳಿ."

ಗಾಳಿ ಮೇಡಂ ಇನ್ನೂ ಮೃದುವಾಗಿ ಹೇಳಿದರು: "ನೀವು ಕೆಳಗಿಂದ ಹತ್ತಿ ಬಂದವರು ತಾನೇ? ಕೆಳಗಿನವರನ್ನೇ ಕೇಳ್ಬೇಕು."

"ಏನಂತೆ?" ಎಂದರು ಅತ್ತೆ.

"ಇವರು ಅವರನ್ನ ಕೇಳಿ ಅಂತಾರೆ. ಅವರು ಇವರನ್ನ ಕೇಳಿ ಅಂತಾರೆ."

"ಬೆಳಗ್ಗೆ ನಾನು ಹೇಳಿದ್ದೂ ಅದೇ ಅಲ್ವಾ? ಅದು ಇರಬಾರ್ದು ಅಂತಾನೇ ಅಲ್ವಾ ನೀವು ಕಾಯಿದೆ ಮಾಡಿದ್ದು?"

ಸಾಹೇಬರು ಹೆಂಡತಿಗೆ ಫೋನ್ ಮಾಡಿದರು. ಗೇಟಿನ ಕಾವಲುಗಾರನನ್ನು ಎಬ್ಬಿಸಿ ಕರೆತರುತ್ತೇನೆಂದು ಅವಳು ಮನೆಯಿಂದ ಹೊರಟಳು. ಅವಳು ಬರುವವರೆಗೆ ಅತ್ತೆಗೆ ಬೇಸರವೇನೂ ಇರಲಿಲ್ಲ. ಕೋಣೆ ಸಣ್ಣದಾದರೂ ಬಾಗಿಲು ಗಟ್ಟಿಯಾಗಿದೆ ಎಂದು ಮೆಚ್ಚಿದರು. ಮೇಜಿನ ಕೆಳಗಿನ ವಯರನ್ನು ಕಂಡು, ಧಾರಾವಾಹಿಯ ಹೊತ್ತಾಯಿತು, ಹಾಕಿ ಎಂದರು. ಸಾಹೇಬರು ಹಾಕಿದರು. ಚಿತ್ರ ಒಂದು ಸಲವೂ ನಿಲ್ಲಲಿಲ್ಲ. ಅತ್ತೆ ಕುರ್ಚಿಯ ತುದಿಗೆ ಬಂದು ನೋಡುತ್ತಿದ್ದಂತೆ ಸೊಸೆ ಬಾಗಿಲನ್ನು ತೆಗೆದೇಬಿಟ್ಟಳು.

ಇಷ್ಟು ವರ್ಷಗಳಲ್ಲಿ ಮೊದಲ ಸಲ ಸಾಹೇಬರ ಮೇಜಿನ ಪಕ್ಕ ಒಬ್ಬರೂ ಹಾಯಲಿಲ್ಲ. ಟಾಯ್ಲೆಟ್ ಎಲ್ಲಿ ಎಂದು ಕೇಳಿಕೊಂಡಾದರೂ ಒಬ್ಬ ಬರಬಾರದೇ ಎಂದು ಅವರು ಒಮ್ಮೆ ಈ ಬಾಗಿಲು, ಒಮ್ಮೆ ಆ ಬಾಗಿಲು ನೋಡುತ್ತಾ ಕೂತರು.