ನನ್ನ ಗೆಣಸಿನ ಮೇಲ್ವಿಚಾರಣೆ

‘ಗೊತ್ತಿಲ್ಲ’ ಎಂಬ ಮೂರಕ್ಷರ ಚಿಕ್ಕಂದಿನಿಂದಲೂ ನನ್ನ ನಾಲಿಗೆಗೆ ಒಗ್ಗಿದ್ದಲ್ಲ. ಇಂಗ್ಲಿಷ್ ಕಲಿತು ಸಿದ್ದಾಪುರದ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆದ ಮೇಲಂತೂ ಅದು ಪೂರ್ತಿ ಬಿಟ್ಟೇಹೋಯಿತು. ಯುದ್ಧದ ದಿನಗಳು, ಅಕ್ಕಿಗೆ ತತ್ವಾರ. ಕೂಲಿಯವರ ಸಾಲುಮನೆಗಳಾದ ಲೈನುಗಳಲ್ಲಿ ಗಂಜಿ ದಿನೇ ದಿನೇ ತೆಳ್ಳಗಾಗುತ್ತಿತ್ತು. ನಮ್ಮ ಬಿಳಿ ದೊರೆ ನನ್ನನ್ನು ಕರೆದು, ಲೈನುಗಳ ಹಿಂದಿನ ಜಾಗದಲ್ಲಿ ಗೆಣಸು ಬೆಳೆಸಬೇಕು, ನಿನಗೆ ಬರುತ್ತದೆಯೇ ಎಂದು ಕೇಳಿದರು. ‘ಯೆಸ್ ಸರ್’ ಅಂದುಬಿಟ್ಟೆ. ಗೆಣಸಿನ ವಿಷಯದಲ್ಲಿ ಅದುವರೆಗಿನ ನನ್ನ ಅನುಭವವೆಲ್ಲ ಅದು ಬೆಂದ ಮೇಲಿನದು.

ದೊರೆ ಒಂದು ಇಂಗ್ಲಿಷ್ ಪುಸ್ತಿಕೆ ಕೊಟ್ಟಿದ್ದರು. ಕೊಟ್ಟಿಗೆ ಗೊಬ್ಬರ ಹಾಕಿ, ಸಾಲುಗಳ ನಡುವೆ ಸೆಣಬು ಬಿತ್ತಿ, ಅದನ್ನು ಎಳೆಯದಾಗಿರುವಾಗಲೇ ಕೊಯ್ದು ಮಣ್ಣಿಗೆ ಸೇರಿಸಿ ಎಂದು ಅದರಲ್ಲಿತ್ತು. ಒಳ್ಳೆಯದು ಹೆಚ್ಚಾದರೆ ಇನ್ನೂ ಒಳ್ಳೆಯದೆಂದು ನಾನು ಪುಸ್ತಿಕೆ ಹೇಳಿದ್ದರ ಮೂರು ಪಟ್ಟು ಗೊಬ್ಬರ ಸುರಿಸಿದೆ. ಲೈನಿನ ಹಿರಿಯಾಳು ದೇವಕ್ಕ ಕುಕ್ಕೆ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು.

“ಏನ್ ರೈಟ್ರೇ, ಹಿಂಗ್ ಸುರಿದ್ರೆ ಬಳ್ಳಿ ಕೊಬ್ಬುತ್ತೆ, ಬುಡದಾಗೆ ಏನೂ ಇರಕ್ಕಿಲ್ಲ.”

“ಪುಸ್ತಕ ಓದಿದವನು ನಾನೋ ನೀನೋ?” ಎಂದೆ.

ಸೆಣಬಿನ ಕಥೆ ಇನ್ನೊಂದು. ಕೊಯ್ಯುವ ಹೊತ್ತಿಗೆ ಮೊಗ್ಗು ಬಂದಿತ್ತು. ದೊರೆಸಾನಿ ಬಂದು, ಹೂ ಬಿಟ್ಟರೆ ಎಷ್ಟು ಚೆಂದ ಎಂದರು. ಅಷ್ಟೇ ಸಾಕು, ಕತ್ತಿ ತಂದ ಆಳುಗಳನ್ನು ವಾಪಸು ಕಳಿಸಿದೆ. ಹೊಲವೆಲ್ಲ ಹಳದಿಯಾಯಿತು, ಬಂಗಲೆಯ ಹೂದಾನಿಗಳೂ ತುಂಬಿದವು. ಗೆಣಸಿನ ಬಳ್ಳಿಯೋ ಮೊಣಕಾಲವರೆಗೆ. ದೊರೆ ನನ್ನ ಬೆನ್ನು ತಟ್ಟಿ, ಕೀಳುವ ದಿನ ಪಕ್ಕದ ಎಸ್ಟೇಟಿನ ದೊರೆಗಳನ್ನೂ ಕರೆಸಿದರು.

ಗುದ್ದಲಿ ಬಿತ್ತು. ಬಳ್ಳಿ ಎಳೆದರೆ ಇಲಿಬಾಲದಂಥ ಬೇರು. ಎರಡನೆಯದೂ ಅದೇ, ಹತ್ತನೆಯದೂ ಅದೇ. ದೊರೆಗಳು ಕೆಮ್ಮಿದರು. ನನ್ನನ್ನು ಚುಚ್ಚಿದ್ದು ಆ ಕೆಮ್ಮಲ್ಲ. ಬೆಳಗಿನಿಂದ ಕುಕ್ಕೆ ಹಿಡಿದು ಸಾಲಾಗಿ ನಿಂತಿದ್ದ ಹೆಂಗಸರು ಖಾಲಿ ಕುಕ್ಕೆಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಹೊರಟದ್ದು. ಅಂದು ಮೊದಲ ಸಲ ನನ್ನ ಬಾಯಿಂದ ಆ ಮಾತು ಬಂತು. “ನನಗೆ ಗೊತ್ತಿಲ್ಲ ದೇವಕ್ಕ. ಏನು ಮಾಡೋದು?”

ದೇವಕ್ಕ ನಗಲಿಲ್ಲ. “ಬಳ್ಳಿಯಾರ ಚೆನ್ನಾಗದೆ. ತುಂಡು ಮಾಡಿ ಬ್ಯಾರೆ ಕಡೆ ನೆಡಾನ. ಗೊಬ್ಬರ ನಾನ್ ಹೇಳ್ದಷ್ಟೇ. ಸೆಣಬು ಹೂ ಬಿಡೋಕೆ ಮುಂಚೆ ಮಣ್ಣಿಗೆ. ಅಮ್ಮಾವ್ರು ಬಂದ್ರೆ ನಾನ್ ಮಾತಾಡ್ತೀನಿ.”

ಮಾತಾಡಿದಳು ಕೂಡ. ನಾಲ್ಕು ತಿಂಗಳಿಗೆ ಒಂದೊಂದು ಬುಡದಲ್ಲೂ ತೋಳು ಗಾತ್ರದ ಗೆಣಸು. ಲೈನುಗಳಲ್ಲಿ ಒಲೆಯ ಮೇಲೆ ಮಡಕೆ ತುಂಬಿ ಬೆಂದವು.

ಸುದ್ದಿ ಹಬ್ಬಿತು, ಸುಂಟಿಕೊಪ್ಪದಲ್ಲಿ ದೊರೆಗಳ ಸಭೆಗೆ ನನಗೆ ಕರೆ ಬಂತು. ನಾನು ದೇವಕ್ಕನನ್ನೂ ಕರೆದುಕೊಂಡು ಹೋದೆ. ಅವಳು ಕನ್ನಡದಲ್ಲಿ ಹೇಳಿದಳು, ನಾನು ಇಂಗ್ಲಿಷಿಗೆ ತಿರುಗಿಸಿದೆ. ಸೆಣಬಿನವರೆಗೆ ಬರುವಷ್ಟರಲ್ಲಿ ಚಪ್ಪಾಳೆ ಬಿತ್ತು. ನಾನು ಕೋಟಿನ ಗುಂಡಿ ಸರಿಪಡಿಸಿಕೊಂಡು ಬಗ್ಗಿ ನಮಸ್ಕರಿಸಿ ಇನ್ನೇನು ತಲೆಯೆತ್ತಬೇಕು, ಹಿಂದಿನಿಂದ ಯಾರೋ ಕೋಟು ಜಗ್ಗಿದರು.

“ಕೂತ್ಕೊಳಿ ರೈಟ್ರೇ,” ಎಂದಳು ದೇವಕ್ಕ, “ನಂದಿನ್ನೂ ಮುಗ್ದಿಲ್ಲ.”